128 ಜಿಬಿ ಪೆನ್‌ಡ್ರೈವ್‌ನಲ್ಲಿ 119 ಜಿಬಿ ಮಾತ್ರ: ಉಳಿದ 9 ಜಿಬಿ ಎಲ್ಲಿ ಹೋಯಿತು?

‘ಕಂಪನಿಯವರು 9 ಜಿಬಿ ನುಂಗಿದರು’ ಎಂದು ಫಾರ್ವರ್ಡ್ ಮಾಡುವ ಮುನ್ನ ಒಂದು ಸಣ್ಣ ಲೆಕ್ಕ ನೋಡೋಣ.

ತಯಾರಕರ ಪ್ರಕಾರ ಒಂದು ಜಿಬಿ ಎಂದರೆ 100 ಕೋಟಿ ಬೈಟ್. ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ. ಅದಕ್ಕೆ ಒಂದು ಜಿಬಿ ಎಂದರೆ 107.37 ಕೋಟಿ ಬೈಟ್. 12,800 ಕೋಟಿಯನ್ನು ಅದರಿಂದ ಭಾಗಿಸಿದರೆ ಸುಮಾರು 119.2. ಇಲ್ಲಿ ಯಾರೂ ಏನನ್ನೂ ನುಂಗಿಲ್ಲ.

1024ರ ಲೆಕ್ಕಕ್ಕೆ ‘ಗಿಬಿಬೈಟ್’ ಎಂಬ ಬೇರೆ ಹೆಸರನ್ನು ಅಂತರರಾಷ್ಟ್ರೀಯ ಸಂಸ್ಥೆ ಐಇಸಿ 1998ರಲ್ಲೇ ಕೊಟ್ಟಿತು. ವಿಂಡೋಸ್ ಮಾತ್ರ ಇಂದಿಗೂ ಜಿಬಿ ಎಂದೇ ಬರೆಯುತ್ತದೆ. ಆ್ಯಪಲ್ 2009ರಲ್ಲಿ ಮ್ಯಾಕ್ ಅನ್ನು 1000ದ ಲೆಕ್ಕಕ್ಕೆ ಬದಲಿಸಿತು.

ಲಿನಕ್ಸ್ ಬಳಸುವವರಿಗೆ ಇನ್ನೂ ತಮಾಷೆ. ಟರ್ಮಿನಲ್‌ನಲ್ಲಿ ‘ಡಿಎಫ್’ ಕಮಾಂಡ್‌ಗೆ ಇಂಗ್ಲಿಷಿನ ಚಿಕ್ಕ ‘ಎಚ್’ ಸೇರಿಸಿದರೆ 1024ರ ಲೆಕ್ಕ, ದೊಡ್ಡ ‘ಎಚ್’ ಸೇರಿಸಿದರೆ 1000ದ ಲೆಕ್ಕ. ಎರಡರಲ್ಲೂ ಸಂಖ್ಯೆಯ ಪಕ್ಕ ಕಾಣುವುದು ಬರೀ ‘ಜಿ’! ಯಾವ ಲೆಕ್ಕವೆಂದು ನೋಡುವವರಿಗೆ ತಿಳಿಯುವುದಾದರೂ ಹೇಗೆ? ನಮ್ಮ ಸಲಹೆ: ದೊಡ್ಡ ‘ಬಿ’ ಜೊತೆ 1 ಸೇರಿಸಿ, ನೇರವಾಗಿ ಬೈಟ್‌ಗಳಲ್ಲೇ ಕೇಳಿ. ಸಂಖ್ಯೆ ಉದ್ದವಾಗುತ್ತದೆ, ಗೊಂದಲ ಉಳಿಯುವುದಿಲ್ಲ.

ಹಾಗಾದರೆ ಮೋಸವೇ ಇಲ್ಲವೇ? ಇದೆ, ಬೇರೆ ಕಡೆ. ಕೆಲವು ನೂರು ರೂಪಾಯಿಗೆ ಸಿಗುವ ‘2 ಟಿಬಿ’ ಪೆನ್‌ಡ್ರೈವ್‌ಗಳಲ್ಲಿ ಒಳಗಿನ ಚಿಪ್ಪೇ ಸುಳ್ಳು ಹೇಳುತ್ತದೆ. ಕಂಪ್ಯೂಟರ್ ಅದನ್ನು ನಂಬಿ ಪೂರ್ತಿ 2 ಟಿಬಿ ತೋರಿಸುತ್ತದೆ. ನಿಜವಾದ ಜಾಗ ತುಂಬಿದ ಮೇಲೆ ಹಾಕಿದ ಮದುವೆ ಫೋಟೋಗಳು ಹೆಸರಿಗಷ್ಟೇ ಇರುತ್ತವೆ, ತೆರೆಯುವುದಿಲ್ಲ. ಇದನ್ನು ಹಿಡಿಯಲು ‘ಎಫ್3’ ಎಂಬ ಉಚಿತ ತಂತ್ರಾಂಶವಿದೆ: ಡ್ರೈವ್ ತುಂಬುವಷ್ಟು ಬರೆದು, ಮತ್ತೆ ಓದಿ ತಾಳೆ ನೋಡುತ್ತದೆ.