ಕೈರುಚಿಗೂ ಒಂದು ಲೆಕ್ಕವಿರಲಿ



‘ನಿಮ್ಮ ಕೈರುಚಿ ಯಾರಿಗೂ ಬರೋಲ್ಲ ರೀ! ನೀವ್ಯಾಕೆ ಅಡುಗೆ ಆರ್ಡರ್ ಹಿಡೀಬಾರದು?’ ಎಂದು ಅರಿಸಿನ-ಕುಂಕುಮಕ್ಕೆ ಬಂದ ಗೆಳತಿಯರು ನಿಮ್ಮನ್ನೂ ಹುರಿದುಂಬಿಸಿರಬಹುದು. ಮನೆಯಲ್ಲಿದ್ದುಕೊಂಡೇ ನಾಲ್ಕು ಕಾಸು ಸಂಪಾದಿಸುವ ಆಸೆ ಯಾರಿಗಿಲ್ಲ ಹೇಳಿ? ಆದರೆ ಸೌಟು ಹಿಡಿಯುವ ಮುನ್ನ ಪೆನ್ಸಿಲ್ ಹಿಡಿಯಿರಿ. ಇದು ನಾನು ಕೈ ಸುಟ್ಟುಕೊಂಡು ಕಲಿತ ಪಾಠ.

೨೦೨೩ರಲ್ಲಿ ಎದುರುಮನೆಯಲ್ಲಿ ಮೊಮ್ಮಗುವಿನ ನಾಮಕರಣ. ‘೩೦ ಜನಕ್ಕೆ ಕೇಸರಿಬಾತು, ಬಿಸಿಬೇಳೆಬಾತು, ಮೊಸರನ್ನ ಮಾಡಿಕೊಡಮ್ಮ. ಎಷ್ಟಾಗುತ್ತೆ?’ ಎಂದರು ಆ ಮನೆಯ ದೊಡ್ಡಮ್ಮ. ‘ಅಯ್ಯೋ, ನಿಮ್ಮ ಹತ್ತಿರ ಎಂಥ ಲೆಕ್ಕ! ತಲೆಗೆ ಅರವತ್ತು ಕೊಡಿ, ಸಾಕು’ ಎಂದುಬಿಟ್ಟೆ. ದಿನಸಿ, ತರಕಾರಿ, ಹಾಲು, ತುಪ್ಪಕ್ಕೆ ೧,೫೦೦ ರೂಪಾಯಿ ಆಯಿತು. ಕೈಗೆ ೧,೮೦೦ ಬಂತು. ಮುನ್ನೂರು ಉಳಿಯಿತೆಂದು ಹಿಗ್ಗಿದೆ.

ರಾತ್ರಿ ನಮ್ಮ ಯಜಮಾನರು ‘ಗ್ಯಾಸಿನ ಖರ್ಚು ಬರೆದ್ಯಾ?’ ಎಂದು ಕೇಳಿದಾಗಲೇ ನನಗೆ ಎಚ್ಚರ. ಗ್ಯಾಸಿಗೆ ೧೫೦, ಹೆಚ್ಚಿಕೊಡಲು ಬಂದಾಕೆಗೆ ೪೦೦, ಆಟೋಗೆ ೧೫೦, ಎಲೆ-ದೊನ್ನೆಗೆ ೧೦೦. ಒಟ್ಟು ಖರ್ಚು ೨,೩೦೦! ಬೆಳಗಿನ ನಾಲ್ಕಕ್ಕೆ ಎದ್ದು ದುಡಿದದ್ದಲ್ಲದೆ, ಮಗಳ ಟ್ಯೂಷನ್ನಿಗೆಂದು ಸಾಸಿವೆ ಡಬ್ಬಿಯಲ್ಲಿಟ್ಟಿದ್ದ ೫೦೦ ರೂಪಾಯಿಯನ್ನೂ ಕಳೆದುಕೊಂಡಿದ್ದೆ.

ಎಲ್ಲಕ್ಕಿಂತ ದೊಡ್ಡ ತಪ್ಪು ಯಾವುದು ಗೊತ್ತೇ? ನನ್ನ ದುಡಿಮೆಗೆ ಬೆಲೆಯನ್ನೇ ಕಟ್ಟಿರಲಿಲ್ಲ. ಅದಕ್ಕೆ ೬೦೦ ಹಿಡಿಯಿರಿ. ಪಾತ್ರೆ ಸವೆದದ್ದು, ಸೀದದ್ದು, ಚೆಲ್ಲಿದ್ದಕ್ಕೆ ೧೦೦. ಒಟ್ಟು ೩,೦೦೦ ಆಯಿತು. ಅಂದರೆ ತಲೆಗೆ ೧೦೦ ರೂಪಾಯಿ. ಲಾಭ ಅದರ ಮೇಲಿನ ಮಾತು. ನಿಮ್ಮೂರಿನ ದರ ಬೇರೆ ಇದ್ದೀತು, ಲೆಕ್ಕ ಹಾಕುವ ರೀತಿ ಮಾತ್ರ ಇದೇ.

ಹೊಸದಾಗಿ ಶುರುಮಾಡುವವರು ಇಷ್ಟನ್ನು ನೆನಪಿಡಿ:

* ಮೊದಲು ೧೫-೨೦ ಜನರ ಆರ್ಡರ್ ಸಾಕು. ನಿಮಗೆ ಚೆನ್ನಾಗಿ ಪಳಗಿದ ಎರಡು-ಮೂರು ಅಡುಗೆಯನ್ನೇ ಒಪ್ಪಿಕೊಳ್ಳಿ.

* ಅನ್ನ-ಸಾರಿನ ಊಟಕ್ಕೆ ತಲೆಗೆ ಸುಮಾರು ೧೦೦ ಗ್ರಾಂ ಅಕ್ಕಿ ಹಿಡಿಯಿರಿ. ೨೦ ಜನಕ್ಕೆ ೨ ಕಿಲೋ. ಉಪ್ಪು, ಹುಳಿ, ಖಾರವನ್ನು ಮಾತ್ರ ಹೀಗೆ ಗುಣಿಸಿ ಸುರಿಯಬೇಡಿ. ಮೊದಲು ಮುಕ್ಕಾಲು ಪಾಲು ಹಾಕಿ, ರುಚಿ ನೋಡಿ ಉಳಿದದ್ದು ಸೇರಿಸಿ.

* ಬಿಸಿ ಅಡುಗೆ ಬಿಸಿಯಾಗಿಯೇ ಹೋಗಲಿ. ಕಾಯಿಚಟ್ನಿ ಬೇಗ ಹಳಸುತ್ತದೆ, ಮೊಸರನ್ನ ಹುಳಿಯಾಗುತ್ತದೆ; ಇವೆರಡನ್ನೂ ಕಟ್ಟಕಡೆಗೆ ಕಲಸಿ.

* ದಿನ, ಹೊತ್ತು, ಜನ, ತಿಂಡಿ, ದರ ಎಲ್ಲವನ್ನೂ ಚೀಟಿಯಲ್ಲಿ ಬರೆದು ಅರ್ಧ ಮುಂಗಡ ಪಡೆಯಿರಿ.

* ೨೦೦೬ರ ಆಹಾರ ಸುರಕ್ಷತೆ ಕಾಯಿದೆಯಂತೆ, ಮನೆಯಲ್ಲೇ ಮಾಡಿ ಮಾರುವವರೂ ನೋಂದಣಿ ಮಾಡಿಸಬೇಕು. ಮನೆಬಳಕೆಯ ೧೪.೨ ಕಿಲೋ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. ಅದಕ್ಕೆ ೧೯ ಕಿಲೋದ್ದು ಬೇರೆ ಇದೆ.

‘ಇದೆಲ್ಲಾ ಸರಿ, ನಮ್ಮವರ ಹತ್ತಿರ ದುಡ್ಡು ಕೇಳೋದು ಹೇಗೆ?’ ಅಂತೀರಾ? ನನಗೂ ಅದೇ ಸಂಕೋಚವಿತ್ತು. ಮರುವರ್ಷ ಅದೇ ಮಗುವಿನ ಹುಟ್ಟುಹಬ್ಬಕ್ಕೆ ದೊಡ್ಡಮ್ಮ ಮತ್ತೆ ಬಂದರು. ಎದೆ ಡವಗುಟ್ಟುತ್ತಿದ್ದರೂ, ಲಾಭದ ಹತ್ತು ಸೇರಿಸಿ, ‘ತಲೆಗೆ ನೂರಹತ್ತು ಆಗುತ್ತೆ ದೊಡ್ಡಮ್ಮ, ಅರ್ಧ ಮುಂಗಡ ಕೊಟ್ಟರೆ ಸಾಮಾನು ತರ್ತೀನಿ’ ಎಂದು ಚೀಟಿ ಮುಂದಿಟ್ಟೆ. ಕನ್ನಡಕ ಏರಿಸಿ ಓದಿದರು. ಸೆರಗಿನ ಗಂಟು ಬಿಚ್ಚಿ ಹಣ ಎಣಿಸುತ್ತಾ ಹೇಳಿದರು: ‘ಹೋದ ಸಲವೇ ಹೀಗೆ ಬರೆದುಕೊಡಬಾರದಿತ್ತೇನೇ? ಆಗಲೂ ಕೊಡ್ತಿದ್ದೆನಲ್ಲ!’

ನೀವೂ ಕೇಳಿ ನೋಡಿ.