ಮದ್ದಿಗಿಂತ ಮೊದಲು ಹೇಳಬೇಕಾದ ಮಾತು

ಸ್ತನದ ಕ್ಯಾನ್ಸರ್ ತಗುಲಿದ ತರುಣಿಯ ಮುಂದೆ ಮಕ್ಕಳ ಮಾತೆತ್ತುವುದು ಅಕಾಲಿಕವೆಂದು ಬಹುಮಂದಿ ಭಾವಿಸುತ್ತಾರೆ. ‘ಮೊದಲು ಜೀವ ಉಳಿಯಲಿ, ಮಿಕ್ಕದ್ದು ಆಮೇಲೆ’ ಎನ್ನುತ್ತಾರೆ. ಕೇಳುವುದಕ್ಕೇನೋ ವಿವೇಕದ ಮಾತೇ. ಆದರೆ ಆ ‘ಆಮೇಲೆ’ ಬರುವ ಹೊತ್ತಿಗೆ ಕಾಲ ಮೀರಿರಬಹುದು. ಸೈಕ್ಲೋಫಾಸ್ಫಮೈಡ್ ಮೊದಲಾದ ಔಷಧಗಳು ರೋಗದ ಕಣಗಳೊಡನೆ ಅಂಡಾಶಯದಲ್ಲಿ ಹುಟ್ಟಿನಿಂದಲೇ ಇರುವ ಅಂಡಗಳಲ್ಲಿ ಹಲವನ್ನು ನಾಶಮಾಡುತ್ತವೆ.

ಚಿಕಿತ್ಸೆಗೆ ಮುನ್ನ ಸುಮಾರು ಎರಡು ವಾರ ಬಿಡುವು ದೊರೆತರೆ ಅಂಡಗಳನ್ನು ಹೊರತೆಗೆದು ಶೈತ್ಯದಲ್ಲಿ ಕಾದಿಡಬಹುದು. ಆಗ ಈಸ್ಟ್ರೋಜನ್ ಏರದಂತೆ ಲೆಟ್ರೋಜೋಲ್ ಗುಳಿಗೆ ಕೊಡುವುದುಂಟು. ಮದುವೆಯಾಗದವಳಿಗೂ ಇದು ಸಾಧ್ಯ. ಕಾದಿಟ್ಟ ಮಾತ್ರಕ್ಕೆ ಮಗು ಖಂಡಿತವೆಂದಲ್ಲ. ಖರ್ಚೂ ಬಡವರ ಕೈಗೆಟುಕುವಂಥದಲ್ಲ.

2023ರಲ್ಲಿ ಪ್ರಕಟವಾದ ‘ಪಾಸಿಟಿವ್’ ಎಂಬ ಅಧ್ಯಯನದಲ್ಲಿ ಐನೂರಕ್ಕೂ ಹೆಚ್ಚು ಸ್ತ್ರೀಯರು ಗರ್ಭಧಾರಣೆಗಾಗಿ ಹಾರ್ಮೋನ್ ಚಿಕಿತ್ಸೆಯನ್ನು ಎರಡು ವರ್ಷದವರೆಗೆ ನಿಲ್ಲಿಸಿದ್ದರು. ಮೊದಲ ಮೂರು ವರ್ಷಗಳಲ್ಲಿ ರೋಗ ಮರುಕಳಿಸಿದ ಪ್ರಮಾಣ ಹೆಚ್ಚಲಿಲ್ಲ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ತುಳಿದವಳು ನಾನೊಬ್ಬಳೇ. ಕೇರಿಯವರ ಆಸ್ಪತ್ರೆಯ ಚೀಟಿಗಳನ್ನು ಓದಿ ಹೇಳುವ ಕೆಲಸವೂ ಆದ್ದರಿಂದ ನನ್ನದೇ. ಆ ಕಾಗದಗಳಲ್ಲಿ ಗಂಡನ ಇಲ್ಲವೆ ತಂದೆಯ ಸಹಿಗೆ ಸ್ಥಳವುಂಟು. ಅವಳಿಗೇನು ಬೇಕೆಂದು ಕೇಳುವ ಸಾಲನ್ನು ನಾನು ಕಂಡಿಲ್ಲ. ಮುಂದೆ ‘ಬಂಜೆ’ ಎನ್ನುವುದಕ್ಕೆ ಮಾತ್ರ ಊರಿಗೆ ಯಾರ ಸಹಿಯೂ ಬೇಡ! ಮಕ್ಕಳು ಬೇಡವೆನ್ನುವುದೂ ಅವಳ ಇಷ್ಟವೇ. ಬೇಕು ಬೇಡವೆನ್ನಲು ಮೊದಲು ತಿಳಿದಿರಬೇಕಷ್ಟೆ? ಮೊದಲ ಸೂಜಿಗೆ ಮುಂಚೆ, ಅವಳಿಗೇ, ಅವಳಿಗೆ ತಿಳಿಯುವ ಮಾತಿನಲ್ಲಿ, ವೈದ್ಯರು ಇದನ್ನು ಹೇಳಲಿ. ಆ ಎರಡು ವಾರಗಳ ವೆಚ್ಚವನ್ನು ಸರ್ಕಾರ ಚಿಕಿತ್ಸೆಯ ಲೆಕ್ಕದಲ್ಲೇ ಸೇರಿಸಲಿ.