ಮೈ ಬೆಳೆಸೋ ಹೈದನೂ ಆಟಗಾರನೇ ಕನ್ರವ್ವಾ

ನಂಜನಗೂಡಲ್ಲಾಗ್ಲಿ, ಟಿ. ನರಸೀಪುರದಲ್ಲಾಗ್ಲಿ ಈಗ ಜಿಮ್ಮಿಗೆ ಹೋಗೋ ಹೈದ ಇಲ್ದಿರೋ ಬೀದಿ ಕಮ್ಮಿ. ಹಿಟ್ಟು ಬೇಡ ಅಂತವೆ, ಬೆಳಿಗ್ಗೆ ಎದ್ದೇಟ್ಗೆ ಹತ್ತು ಮೊಟ್ಟೆ ಬೇಯ್ಸು ಅಂತವೆ, ಅದ್ರಲ್ಲೂ ಹಳದಿ ತೆಗ್ದಾಕು ಅಂತವೆ. ಬೇಯ್ಸೋರು ನಾವು. ಅದ್ಕೇ ಕೇಳೋ ಹಕ್ಕೂ ನಮಗದೆ: ದೇಹದಾರ್ಢ್ಯ ಮಾಡೋರು ಆಟಗಾರರಾ, ಬರೀ ಮೈ ತೋರ್ಸೋರಾ?

ಜಗಲಿ ಮೇಲೆ ಗಂಡಸ್ರು ಹೇಳೋದೇನು? ದಸರಾ ಕುಸ್ತೀಲಿ ಬೆನ್ನು ಮಣ್ಣಿಗೆ ತಾಗಿದ್ರೆ ಸೋಲು. ಕುಂದಾಪುರದ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕೂಟದಲ್ಲಿ ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ ತಂದ್ರು, ತೂಕ ಸುಳ್ಳು ಹೇಳಲ್ಲ. ಎಣ್ಣೆ ಸವರ್ಕಂಡು ನಿಂತ್ರೆ ಅದೆಂಥ ಆಟ?

ಮಾತೇನೋ ಸರಿ. ಆದ್ರೆ ಹಬ್ಬದೆಲೇಲಿ ಹೋಳಿಗೆ ಕಾಣ್ತದೆ, ಹೂರಣ ರುಬ್ಬಿದ ಕೈ ಕಾಣಲ್ಲ. ವೇದಿಕೆ ಮೇಲಿನ ಒಂದು ಗಳಿಗೆ ಹಿಂದೆ ವರ್ಷಗಟ್ಟಲೆ ತೂಕ ಎತ್ತಿರೋದು, ಬಾಯಿ ಕಟ್ಟಿರೋದು ಇರ್ತದೆ. ಜಿಮ್ನಾಸ್ಟಿಕ್ಸಿಗೂ ಕಣ್ಣಲ್ಲಿ ನೋಡೇ ಅಂಕ ಕೊಡ್ತಾರೆ. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿ ಬರೆದ ಕೆ.ವಿ. ಅಯ್ಯರ್ ಬೆಂಗಳೂರಲ್ಲಿ ವ್ಯಾಯಾಮಶಾಲೆ ಕಟ್ಟಿ ಇದನ್ನೇ ಕಲಿಸ್ದೋರು. ಪ್ರೇಮ್‌ಚಂದ್ ಡೇಗ್ರಾ ಅವ್ರಿಗೆ ಅರ್ಜುನ ಪ್ರಶಸ್ತಿ ಬಂತು, 1990ರಲ್ಲಿ ಪದ್ಮಶ್ರೀನೂ ಬಂತು. ಒಲಿಂಪಿಕ್ಸಿಗೆ ಸೇರಿಲ್ಲ ನಿಜ, 2002 ಮತ್ತು 2006ರ ಏಷ್ಯನ್ ಗೇಮ್ಸಲ್ಲಿ ಇತ್ತು.

ನಾನು ಆಟಗಾರ ಅನ್ನಿ ಅನ್ನೋದು ಬರೀ ಮರ್ಯಾದೆಗಲ್ಲ. ಆಟಗಾರ ಅಂದ್ಮೇಲೆ ಆಟದ ಕಟ್ಟಳೇನೂ ಬತ್ತದೆ. ಉದ್ದೀಪನ ಮದ್ದು ತಡೆಯೋಕೆ ನಾಡಾ ಅಂತ ಸಂಸ್ಥೆ ಅದೆ. ಮೂತ್ರ ಪರೀಕ್ಷೆ ಮಾಡ್ತದೆ, ಸಿಕ್ಕಿಬಿದ್ರೆ ವರ್ಷಗಟ್ಟಲೆ ಹೊರಗಿಡ್ತದೆ. ಸಿಕ್ಕಿಬಿದ್ದೋರಲ್ಲಿ ದೇಹದಾರ್ಢ್ಯದೋರೂ ಅವ್ರೆ. ಆದ್ರೆ ಊರೊಳಗೆ ಸೂಜಿ ಚುಚ್ಚಿಸ್ಕಳೋ ಹೈದನ್ನ ಯಾರು ಪರೀಕ್ಷೆ ಮಾಡಾರು? ಸ್ಟೆರಾಯ್ಡು ಹೃದಯ, ಲಿವರ್ ಎರಡನ್ನೂ ಕೆಡಿಸ್ತದೆ, ಮುಂದೆ ಮಕ್ಕಳಾಗೋಕೂ ತೊಂದ್ರೆ ಮಾಡ್ತದೆ. ಸ್ಪರ್ಧೆ ಹತ್ರ ಬಂತು ಅಂತ ನೀರು ಬಿಡೋ ಪದ್ಧತೀನೂ ಅದೆ, ಅದೂ ಜೀವಕ್ಕೆ ಅಪಾಯ.

ನಾವು ‘ಬರೀ ಶೋಕಿ’ ಅಂತ ಜರೀತಾ ಕೂತ್ರೆ ಹೈದ ಎಲ್ಲಾನೂ ಮುಚ್ಚಿಡ್ತಾನೆ. ‘ನೀನು ಆಟಗಾರ ಕಪ್ಪಾ’ ಅಂದು ಪಕ್ಕದಲ್ಲಿ ಕೂರಿಸ್ಕಂಡ್ರೆ ಕೇಳ್ಬೌದು: ಹೇಳ್ಕೊಡೋರು ಯಾರು? ಡಬ್ಬೀಲಿರೋದು ಏನು? ಡಾಕ್ಟ್ರಿಗೆ ತೋರ್ಸಿದ್ಯಾ? ರಕ್ತ ಪರೀಕ್ಷೆ ಆಯ್ತಾ?

ಇಷ್ಟಕ್ಕೆ ಉತ್ತರ ಕೊಟ್ರೆ ಹತ್ತಲ್ಲ, ಹನ್ನೆರಡು ಮೊಟ್ಟೆ ಬೇಯ್ಸನ ಬುಡಿ. ಕೊಡದಿದ್ರೆ ಮೊದಲು ಆ ಡಬ್ಬಿ ಎತ್ಕಂಡೋಗಿ ಡಾಕ್ಟ್ರ ಮುಂದೆ ಇಡಿ.